ಮುಖ ಕೆನ್ನೀಲಿ, ಎದೆ ಕೆನ್ನೀಲಿ

ವಾಂಡಾ ಪೈನ್ ಮರದ ಬೇಯಿಸಿದ ಪಿನ್ಯಾನ್ ಬೀಜ ಸುಲಿದು ಆನ್ಸೆಲ್ಮೊನ ಅಂಗೈಗೆ ಹಾಕಿದಳು. ಅವನು ಅದನ್ನು ಕಣ್ಣು ಮುಚ್ಚಿ ಚಪ್ಪರಿಸಿದ.

ಜುಸಾರಾ ಅದನ್ನು ಓರೆಗಣ್ಣಿನಿಂದ ನೋಡಿದಳು. ನಾನು ಹುರಿದ ಮೀನು ತಂದಾಗ ಒಂದು ದಿನವಾದರೂ ಹೀಗೆ ಕಣ್ಣು ಮುಚ್ಚಿದ್ದುಂಟಾ...

ಗ್ವಾರಕೆಸಾಬಾ ಊರಿನ ದೋಣಿಕಟ್ಟೆಯ ಪಕ್ಕದ ಹಕ್ಕಿಮನೆಯಲ್ಲಿ ಜುಸಾರಾ, ಆನ್ಸೆಲ್ಮೊ ಇಬ್ಬರೂ ಕರಾವಳಿಯ ಕೆನ್ನೀಲಿ ಮುಖದ ಗಿಳಿಗಳನ್ನು ಕಾಪಾಡುತ್ತಿದ್ದರು. ಅವುಗಳ ದಾಯಾದಿ, ಕೆನ್ನೀಲಿ ಎದೆಯ ಗಿಳಿ, ಮೇಲಿನ ಬೆಟ್ಟದ ಪೈನ್ ಕಾಡಿನದು. ಎರಡೂ ಅಳಿವಿನಂಚಿನಲ್ಲಿದ್ದವು. ಎರಡನ್ನೂ ಹೋಲಿಸಿ ನೋಡಲೆಂದು ಆನ್ಸೆಲ್ಮೊ ಈ ವರ್ಷ ಪದೇ ಪದೇ ಬೆಟ್ಟ ಹತ್ತಿದ್ದ. ಅಲ್ಲಿ ಆ ಗಿಳಿಗಳನ್ನು ನೋಡಿಕೊಳ್ಳುತ್ತಿದ್ದವಳೇ ವಾಂಡಾ.

ಇವತ್ತು ಅವಳೇ ಇಳಿದು ಬಂದಿದ್ದಳು. ಕಳ್ಳಸಾಗಣೆಯವರಿಂದ ಪೊಲೀಸರು ಬಿಡಿಸಿ ತಂದ ಮರಿಗಳು ಯಾವ ಜಾತಿಯವೆಂದು ತೀರ್ಮಾನವಾಗಬೇಕಿತ್ತು. ತಪ್ಪು ಕಾಡಿಗೆ ಬಿಟ್ಟರೆ ಅವು ಬದುಕುವುದು ಕಷ್ಟ.

"ಇವು ನಮ್ಮ ಬೆಟ್ಟದವು," ಎಂದಳು ವಾಂಡಾ.

ಜುಸಾರಾ ಒಂದು ಮರಿಯನ್ನೆತ್ತಿ ನೋಡಿದಳು. ಕೊಕ್ಕಿನ ಬುಡದಲ್ಲಿ ಮಸುಕು ಕೆಂಪು, ಬೆಟ್ಟದ ಗಿಳಿಯ ಗುರುತು. ವಾಂಡಾ ಹೇಳಿದ್ದು ನಿಜ!

"ಕಣ್ಣಿಗೆ ಬಿದ್ದಿದ್ದೆಲ್ಲ ನಿಮ್ಮದೇನಾ, ಡೋನಾ ವಾಂಡಾ? ಇವು ಕರಾವಳಿಯವು."

"ಸರಿಯಾಗಿ ನೋಡಿ ಮಾತಾಡಿ."

ಆನ್ಸೆಲ್ಮೊ ಮರಿಗಳತ್ತ ತಿರುಗಲೂ ಇಲ್ಲ. "ಜುಸಾರಾ ಹೇಳಿದ ಮೇಲೆ ಮುಗೀತು, ವಾಂಡಾ. ಇವಳ ಕಣ್ಣು ತಪ್ಪಿದ್ದನ್ನ ನಾನು ಕಂಡಿಲ್ಲ."

ಅವನು ಮರಿಗಳ ಪೆಟ್ಟಿಗೆಯನ್ನು ಕರಾವಳಿಯ ಕಾಡಿಗೆ ಒಯ್ಯಲು ಎತ್ತಿಕೊಂಡು ದೋಣಿಯತ್ತ ನಡೆದ. ಜುಸಾರಾ ಗೆದ್ದಿದ್ದಳು. ಆದರೆ ಅಂಗೈಯಲ್ಲೇ ಉಳಿದ ಮರಿ ತುತ್ತಿಗಾಗಿ ಬಾಯ್ತೆರೆದಾಗ ಅವಳು ಅವನ ಹಿಂದೆ ಓಡಿದಳು.

"ಆನ್ಸೆಲ್ಮೊ, ನಿಲ್ಲು... ನಾನು ಸುಳ್ಳು ಹೇಳಿದೆ."

"ನೀನಾ? ಯಾಕೆ?"

"ಬೆಟ್ಟದಿಂದ ಬಂದಾಗೆಲ್ಲ ನಿನ್ನ ಬಾಯಲ್ಲಿ ವಾಂಡಾ, ವಾಂಡಾ... ಅವಳು ಸರಿ ಅಂತ ಒಪ್ಪೋಕೆ ನನ್ನಿಂದ ಆಗಲಿಲ್ಲ."

ಹಿಂದೆಯೇ ಬಂದಿದ್ದ ವಾಂಡಾ ಪೆಟ್ಟಿಗೆಯನ್ನು ಅವನ ಕೈಯಿಂದ ಕಿತ್ತುಕೊಂಡಳು. "ಬೆಟ್ಟದಲ್ಲಿ ಇವನ ಬಾಯಲ್ಲಿ ಏನಿರುತ್ತೆ ಗೊತ್ತಾ? ಜುಸಾರಾ ಹೀಗಂದಳು, ಜುಸಾರಾ ಹಾಗಂದಳು. ನನ್ನ ಕಿವಿ ತೂತಾಗಿದೆ."

"ನನ್ನನ್ನ ಕ್ಷಮಿಸಿ..."

"ಅದು ಆಮೇಲೆ. ಮೊದಲು ಆ ಮರೀನ ಕೊಡಿ."

ವಾಂಡಾಳ ಜೀಪು ಧೂಳೆಬ್ಬಿಸಿ ಹೊರಟುಹೋಯಿತು. ಜುಸಾರಾ ತಲೆ ಎತ್ತದೆ ಆನ್ಸೆಲ್ಮೊನನ್ನು ಕೇಳಿದಳು.

"ಕೋಪನಾ?"

"ಹೌದು. ಇನ್ಮೇಲೆ ನೀನು ಹೇಳಿದರೂ ಮರಿಗಳನ್ನ ನಾನೇ ಒಂದ್ಸಲ ನೋಡ್ತೀನಿ."

"ಮತ್ತೆ ನನ್ನನ್ನ?"

"ನಿನ್ನನ್ನ ಬಂದ ದಿನದಿಂದ ನೋಡ್ತಾನೇ ಇದೀನಿ, ಜುಸಾರಾ."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ಬೈತೀಯ ಅಂತ ಭಯ."

ಅವಳು ಅವನ ಕೈ ಹಿಡಿದು ಬೈದಳು, ಮನಸಾರೆ ಬೈದಳು... ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.