ಗಟ್ಟಿಯಾಗಬಾರದ ಹನಿ

ಬಣ್ಣ ಬರಲಿಲ್ಲ.

ಟೆಕ್ನಿಷಿಯನ್ ಹುಡುಗಿ ಪ್ಲಾಸ್ಟಿಕ್ ತಟ್ಟೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದಳು. ಸಾಲುಸಾಲಾಗಿದ್ದ ಪುಟ್ಟ ಗುಳಿಗಳಲ್ಲಿ ಒಂದಾದರೂ ಹಳದಿಗೆ ತಿರುಗಬೇಕಿತ್ತು. ಒಂದೂ ತಿರುಗಲಿಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಮುಖ ಮುಖ ನೋಡಿಕೊಂಡರು.

"ಮಾರಿಕೊಂಡಿದ್ದಾಳೆ!" ಪ್ರಯೋಗಾಲಯದ ಮುಖ್ಯಸ್ಥರು ಕೂಗಿದರು. "ಅಸಲಿ ಮಾಲು ಮಾರಿ ಇನ್ನೇನೋ ತುಂಬಿಟ್ಟಿದ್ದಾಳೆ. ಪೊಲೀಸರನ್ನ ಕರೀರಿ!"

* * *

ಇನ್ಸ್‌ಪೆಕ್ಟರ್ ತಿಂಡಿ ತಿನ್ನದೆ ಬಂದಿದ್ದರು. ಆಕೆಗೆ ಸಿಕ್ಕ ಮೊದಲ ಪಾಠವೇ ಹಸಿವಿನದು. ಹೊಟ್ಟೆ ಖಾಲಿಯಾದರೆ ಗ್ರೆಲಿನ್ ಎಂಬ ಹಾರ್ಮೋನು ರಕ್ತಕ್ಕಿಳಿದು ಮಿದುಳಿಗೆ ದೂರು ಕೊಡುತ್ತದಂತೆ. ಅದನ್ನು ರಕ್ತದಲ್ಲಿ ಹುಡುಕಿ ಅಂಟಿಕೊಳ್ಳುವುದು ಪ್ರತಿಕಾಯ. ಅಂಟಿಕೊಂಡರೆ ಗುಳಿ ಹಳದಿಯಾಗುತ್ತದೆ. ಕಳುವಾದದ್ದು ಆ ಪ್ರತಿಕಾಯವೇ. ಇಡೀ ಸಂಸ್ಥೆಗೆ ಇದ್ದದ್ದು ಒಂದೇ ಟ್ಯೂಬು.

"ಹಸಿವು ಇಳಿಸೋ ಮಾತ್ರೆ ಮಾಡಿದ್ದೀವಿ," ಎಂದರು ಮುಖ್ಯಸ್ಥರು. "ತಿಂದವರ ರಕ್ತದಲ್ಲಿ ಗ್ರೆಲಿನ್ ಇಳಿದಿದೆ. ಅದನ್ನ ಇವತ್ತು ಪರೀಕ್ಷಕರ ಕಣ್ಣೆದುರೇ ತೋರಿಸಬೇಕಿತ್ತು."

"ಈಗ?"

"ಹೊಸ ಪ್ರತಿಕಾಯ ತಯಾರಾಗೋಕೆ ವರ್ಷ ಹಿಡಿಯುತ್ತೆ. ಹಳೇ ಫಲಿತಾಂಶಾನೇ ಒಪ್ಪಿಕೊಳ್ಳಿ ಅಂತ ಪರೀಕ್ಷಕರನ್ನ ಕೇಳಿಕೊಂಡಿದ್ದೀನಿ."

"ಫ್ರೀಜರಿನ ಬೀಗದ ಕೈ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ ಒಂದು, ಆ ಟೆಕ್ನಿಷಿಯನ್ ಹುಡುಗಿ ಹತ್ರ ಒಂದು. ಮುಂದಿನ ವಾರ ಇನ್ನೊಂದು ಕಂಪನಿಗೆ ಹೋಗ್ತಿದ್ದಾಳೆ. ಇನ್ನೇನು ಬೇಕು ಸಾಕ್ಷಿ?"

ಲೆಕ್ಕ ತೀರಾ ಸಲೀಸಾಗಿತ್ತು. ಅಷ್ಟು ಸಲೀಸಾದದ್ದು ಇನ್ಸ್‌ಪೆಕ್ಟರಿಗೆ ಯಾವತ್ತೂ ಹಿಡಿಸುವುದಿಲ್ಲ.

* * *

ಕಾರಿಡಾರಿನಲ್ಲಿ ಒಬ್ಬ ಯುವ ವಿಜ್ಞಾನಿ ಬೆವರು ಒರೆಸಿಕೊಳ್ಳುತ್ತಿದ್ದ. ಕೆಲಸಕ್ಕೆ ಸೇರಿ ತಿಂಗಳೂ ಆಗದ ಅವನನ್ನು ಎಲ್ಲರೂ ಹೊಸಬ ಎಂದೇ ಕರೆಯುತ್ತಿದ್ದರು.

"ಯಾಕಪ್ಪಾ ಇಷ್ಟು ಗಾಬರಿ?"

"ನನ್ನಿಂದಲೇ ಕೆಟ್ಟಿತೇನೋ ಮೇಡಂ. ಟೆಕ್ನಿಷಿಯನ್ ತಟ್ಟೆ ತೊಳೀತಿದ್ದಳು. ಅದಕ್ಕೆ ಟ್ಯೂಬು ನಾನು ತಂದೆ. ಬೀಗ ತೆಗೆದುಕೊಟ್ಟವರು ಸರ್. ಒಳಗಿದ್ದದ್ದು ಕಲ್ಲಾಗಿತ್ತು. ಮುಷ್ಟೀಲಿ ಹಿಡಿದು ಕರಗಿಸಿ ಅವಳ ಕೈಗೆ ಕೊಟ್ಟೆ. ಬಿಸಿ ಜಾಸ್ತಿಯಾಯ್ತಾ ಅಂತ..."

ಮುಖ್ಯಸ್ಥರೂ ಹೌದೆಂದರು. "ನನ್ನೆದುರಿಗೇ ತೆಗೆದ. ಗಟ್ಟಿಯಾಗೇ ಇತ್ತು. ಫ್ರೀಜರಲ್ಲಿಟ್ಟದ್ದು ಇನ್ನು ಹೇಗಿರುತ್ತೆ?"

* * *

ಹುಡುಗಿಯ ಕಣ್ಣುಗಳು ಅತ್ತು ಅತ್ತು ಊದಿಕೊಂಡಿದ್ದವು. ಕಳ್ಳಿ ಎಂಬ ಹೆಸರು ಹೊತ್ತರೆ ಹೊಸ ಕೆಲಸ ಹಾಗಿರಲಿ, ಇನ್ನು ಯಾವ ಪ್ರಯೋಗಾಲಯವೂ ಅವಳನ್ನು ಬಾಗಿಲೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಇನ್ಸ್‌ಪೆಕ್ಟರಿಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೇ ದನಿ ಒರಟು ಮಾಡಿಕೊಂಡರು.

"ಅಳೋದು ಸಾಕಮ್ಮ. ದಿನಾ ಏನು ಮಾಡ್ತೀಯೋ ಅದನ್ನ ಮಾಡಿ ತೋರಿಸು."

ಅವಳು ಅದೇ ಫ್ರೀಜರಿನಿಂದ ಇನ್ನೊಂದು ಪರೀಕ್ಷೆಯ ಟ್ಯೂಬು ತೆಗೆದು ಓರೆ ಮಾಡಿದಳು. ಒಳಗಿದ್ದದ್ದು ಮೆಲ್ಲಗೆ ಹರಿಯಿತು.

"ಇದ್ಯಾಕೆ ಕಲ್ಲಾಗಿಲ್ಲ?"

"ಕಲ್ಲಾಗಬಾರದು ಮೇಡಂ. ಗಟ್ಟಿಯಾಗಿ ಕರಗಿ, ಗಟ್ಟಿಯಾಗಿ ಕರಗಿ ಪ್ರತಿಕಾಯ ಕೆಡುತ್ತೆ. ಅದಕ್ಕೇ ಹೋದ ವರ್ಷದಿಂದ ನಾನು ಎಲ್ಲದಕ್ಕೂ ಅರ್ಧಕ್ಕರ್ಧ ಗ್ಲಿಸರಿನ್ ಬೆರೆಸಿಡ್ತೀನಿ. ಈ ಫ್ರೀಜರಲ್ಲಿ ಅದು ಹೆಪ್ಪುಗಟ್ಟಲ್ಲ."

"ಮುಖ್ಯಸ್ಥರಿಗೆ ಗೊತ್ತಾ?"

"ಅವರು ಟ್ಯೂಬು ಮುಟ್ಟಿ ಎಷ್ಟು ಕಾಲವಾಯ್ತೋ! ಅವರ ಕಾಲದಲ್ಲಿ ಎಲ್ಲ ಕಲ್ಲಿನ ಹಾಗೇ ಇಡ್ತಿದ್ದರಂತೆ."

ಇನ್ಸ್‌ಪೆಕ್ಟರ್ ಹುಡುಗಿಯನ್ನು ಕರೆದುಕೊಂಡು ನೆಟ್ಟಗೆ ಮುಖ್ಯಸ್ಥರ ಕೋಣೆಗೆ ನಡೆದರು.

* * *

"ಆ ಪುಟ್ಟ ಫ್ರಿಜ್ ತೆಗೀರಿ."

"ಅದರಲ್ಲಿ ಕುಡಿಯೋ ನೀರಿದೆ ಅಷ್ಟೇ."

"ನನಗೂ ಬಾಯಾರಿದೆ."

ನೀರಿನ ಬಾಟಲಿಗಳ ಹಿಂದೆ ಒಂದು ಟ್ಯೂಬಿತ್ತು. ಓರೆ ಮಾಡಿದರೆ ಒಳಗಿನ ದ್ರವ ಎಣ್ಣೆಯಂತೆ ಜಾರಿತು. ಹುಡುಗಿ ಒಂದೇ ನೋಟಕ್ಕೆ ಗುರುತು ಹಿಡಿದಳು.

ಪರೀಕ್ಷಕರನ್ನೂ ಮುಖ್ಯಸ್ಥರನ್ನೂ ಕೂರಿಸಿ ಇನ್ಸ್‌ಪೆಕ್ಟರ್ ಬಿಡಿಸಿ ಹೇಳಿದರು. "ಬೆಳಿಗ್ಗೆ ಆ ಟ್ಯೂಬಲ್ಲಿದ್ದದ್ದು ಕಲ್ಲಾಗಿತ್ತು. ಗ್ಲಿಸರಿನ್ ಬೆರೆಸಿದ ಅಸಲಿ ಕಲ್ಲಾಗಲ್ಲ. ಅಂದರೆ ಹೊರಗೆ ಬರೋ ಮೊದಲೇ ಒಳಗಿದ್ದದ್ದು ಬದಲಾಗಿತ್ತು. ಹಾಗಾಗಿ ಹೊಸಬನ ತಪ್ಪಲ್ಲ. ಉಳಿದದ್ದು ಕೀಲಿ ಕೈ ಇದ್ದ ಇಬ್ಬರು. ಈಕೆ ಬದಲಿಸಿದ್ದರೆ ಗ್ಲಿಸರಿನ್ ಬೆರೆಸದೆ ಬಿಡ್ತಿರಲಿಲ್ಲ. ಕಲ್ಲಾದರೆ ಕಳ್ಳತನ ಬಯಲಾಗುತ್ತೆ ಅಂತ ಇವಳಿಗೆ ಗೊತ್ತು. ಕಲ್ಲಾಗೋದೇ ಸರಿ ಅಂತ ನಂಬಿದ್ದವರು ನೀವು, ಮುಖ್ಯಸ್ಥರೇ. ಬರೀ ನೀರು ತುಂಬಿದಿರಿ. ಅಸಲಿ ಯಾಕೆ ಚೆಲ್ಲಲಿಲ್ಲ?"

"ಅದನ್ನ ಹುಟ್ಟಿಸಿದವನು ನಾನು," ಎಂದರು ಮುಖ್ಯಸ್ಥರು. "ಕೈ ಬರಲಿಲ್ಲ."

ಹುಡುಗಿ ಮತ್ತೆ ಪರೀಕ್ಷೆಗೆ ಕುಳಿತಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಗುಳಿಗಳು ಒಂದೊಂದಾಗಿ ಹಳದಿಯಾದವು. ಮಾತ್ರೆ ತಿಂದವರದ್ದೂ ತಿನ್ನದವರದ್ದೂ ಒಂದೇ ಹಳದಿ. ಯಾರ ಗ್ರೆಲಿನ್ನೂ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಮುಖ್ಯಸ್ಥರು ಮುಂಚೆ ತೋರಿಸಿದ್ದ ಫಲಿತಾಂಶವೆಲ್ಲ ಬೊಗಳೆ.

"ಮಾತ್ರೆ ಸೋತಿದ್ದರೆ ಸೋತಿತು ಅನ್ನಬಹುದಿತ್ತಲ್ಲ ಸರ್," ಹುಡುಗಿ ಸಿಟ್ಟಿನಿಂದ ಅಂದಳು. "ಮಧ್ಯದಲ್ಲಿ ನನ್ನನ್ನ ಯಾಕೆ ಕಳ್ಳಿ ಮಾಡಿದಿರಿ?"

ಅವರು ತಲೆ ಎತ್ತಲಿಲ್ಲ. "ನೀನು ಹೇಗೂ ಬಿಟ್ಟು ಹೋಗೋಳು ತಾನೇ ಅಂದ್ಕೊಂಡೆ."