ಬಂಡೆ ದೊಡ್ಡಪ್ಪನ ಜ್ವರ

“ಅಯ್ಯೋ, ಹೋಯ್ತು!”

ಶಿರೀಷಾ ಗೇಮ್ ಕಂಟ್ರೋಲರನ್ನು ಚಾಪೆಯ ಮೇಲೆ ಹಾಕಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಕಂಪ್ಯೂಟರಿನ ಪರದೆ ಕಪ್ಪಾಯಿತು. ಅದರ ನಡುವೆ ಇಂಗ್ಲಿಷಿನ ಕೆಂಪು ಅಕ್ಷರಗಳು ಮೂಡಿದವು. ಓದುವ ಅಗತ್ಯವೇ ಇರಲಿಲ್ಲ. ಸತ್ತಿದ್ದೀಯ ಅನ್ನುವುದನ್ನು ಯಾರಾದರೂ ಓದಿ ತಿಳಿದುಕೊಳ್ಳಬೇಕೆ?

ಸತ್ತದ್ದು ಅವಳ ಸಿಪಾಯಿಯಾಗಿದ್ದರೆ ಚಿಂತೆ ಇರಲಿಲ್ಲ. ಅದು ಅಣ್ಣನ ಸಿಪಾಯಿ.

ಅಣ್ಣ ಚೈತನ್ಯ ಮಾಲೂರಿನಲ್ಲಿ ಪಿಯುಸಿ ಓದುತ್ತಾನೆ. ಬೆಳಗ್ಗೆ ಟೇಕಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಮತ್ತೆ ಮನೆಗೆ ಬರುವುದು ಸಂಜೆಯ ರೈಲಿಗೆ. ಕಂಪ್ಯೂಟರ್ ವೆಂಕಟ್ ಮಾವ ಕೊಟ್ಟದ್ದು. ಹಳೆಯದು. ಆನ್ ಮಾಡಿದರೆ ಒಳಗೆ ಯಾರೋ ಚಟ್ನಿ ರುಬ್ಬುತ್ತಿರುವ ಹಾಗೆ ಸದ್ದು ಮಾಡುತ್ತದೆ. ಆದರೂ ಗೇಮ್ ಓಡುತ್ತದೆ, ಅಷ್ಟು ಸಾಕು.

ಆ ಗೇಮಿನಲ್ಲಿ ಬೆಟ್ಟ, ಕಾಡು, ಕೆರೆ, ಪಾಳುಬಿದ್ದ ಕೋಟೆ ಎಲ್ಲ ಇರುವ ಒಂದು ದೊಡ್ಡ ದೇಶವಿದೆ. ಇಲ್ಲಿ ಹೋಗು, ಅಲ್ಲಿ ಹೋಗು ಎಂದು ಯಾರೂ ದಾರಿ ತೋರಿಸುವುದಿಲ್ಲ. ಕುದುರೆ ಹತ್ತಿ ಎಲ್ಲಿಗೆ ಬೇಕಾದರೂ ಹೋಗಬಹುದು, ಎಲ್ಲಿ ಬೇಕಾದರೂ ಸಾಯಬಹುದು.

ಅಣ್ಣ ತಂಗಿ ಸೇರಿ ಅಲ್ಲಿನ ಜಾಗಗಳಿಗೆಲ್ಲ ತಮ್ಮದೇ ಹೆಸರು ಇಟ್ಟಿದ್ದರು. ಬಂಡೆಗಳ ನಡುವೆ ಹಳೆಯ ಗುಡಿ ಇರುವ ಊರು ಅವರ ಪಾಲಿಗೆ ತಮ್ಮ ಜಿಲ್ಲೆಯದೇ ಊರಾದ ಆವನಿ. ಕುದುರೆಯ ಹೆಸರು ಅಂಜಿ. ಅದು ಪಕ್ಕದ ಮನೆಯ ಹುಡುಗನ ಹೆಸರು, ಅವನಿಗೆ ಇನ್ನೂ ಗೊತ್ತಿಲ್ಲ. ಕೋಟೆಯ ದೊಡ್ಡ ಬಾಗಿಲಿನ ಹಿಂದೆ ಮೈಯೆಲ್ಲ ಕಲ್ಲಾಗಿರುವ ಒಬ್ಬ ರಾಕ್ಷಸ ಇದ್ದಾನೆ. ಅವನು ಬಂಡೆ ದೊಡ್ಡಪ್ಪ.

ಈಗ ಶಿರೀಷಾ ಸತ್ತದ್ದು ಆ ದೊಡ್ಡಪ್ಪನ ಕೈಯಲ್ಲೇ.

ಬೆಳಗ್ಗೆ ಹೊರಡುವಾಗ ಅಣ್ಣ ಹೇಳಿದ್ದ: “ಎಕ್ಸಾಮ್ ಮುಗೀತಲ್ಲ, ಆಡ್ಕೋ. ಆದ್ರೆ ನಾನ್ ಬರೋವರ್ಗೂ ದೊಡ್ಡಪ್ಪನ ಬಾಗಿಲ ಹತ್ರ ಮಾತ್ರ ಹೋಗ್ಬೇಡ ಕಣೇ.”

“ಯಾಕೆ?”

“ಸುಮ್ನೆ ಹೇಳಿದ್ ಕೇಳು.”

ಯಾಕೆ ಎಂದು ಶಿರೀಷಾಗೆ ಗೊತ್ತಿತ್ತು. ಗೊತ್ತಿದೆ ಎಂದು ಅವಳು ಅಂದುಕೊಂಡಿದ್ದಳು. ಅಣ್ಣನಿಗೆ ಹೆದರಿಕೆ! ಒಂದು ತಿಂಗಳಿನಿಂದ ಆ ಬಾಗಿಲಿನವರೆಗೆ ಹೋಗುತ್ತಾನೆ, ನಿಲ್ಲುತ್ತಾನೆ, ಕುದುರೆ ತಿರುಗಿಸಿಕೊಂಡು ಬರುತ್ತಾನೆ. “ಹೆದ್ರುಪುಕ್ಲ, ಹೆದ್ರುಪುಕ್ಲ” ಎಂದು ಅವಳು ಚಪ್ಪಾಳೆ ತಟ್ಟಿ ಆಡಿಕೊಂಡರೂ ಸುಮ್ಮನೆ ನಗುತ್ತಾನೆ. ಇವತ್ತು ತಾನೇ ದೊಡ್ಡಪ್ಪನನ್ನು ಮಲಗಿಸಿ, ಅಣ್ಣ ಬಂದ ಕೂಡಲೇ ತೋರಿಸಬೇಕು ಎಂದುಕೊಂಡಿದ್ದಳು.

ತೋರಿಸುವುದಿರಲಿ, ಈಗ ಮುಖ ತೋರಿಸುವುದೇ ಕಷ್ಟವಾಗಿತ್ತು. ಆ ಗೇಮಿನಲ್ಲಿ ಪ್ರತಿಯೊಂದು ಭೂತವನ್ನು ಹೊಡೆದಾಗಲೂ ಬೆಂಕಿಯ ಕಿಡಿ ಸಿಗುತ್ತದೆ. ಸತ್ತರೆ ಕೂಡಿಸಿದ ಕಿಡಿಯೆಲ್ಲ ಸತ್ತ ಜಾಗದಲ್ಲೇ ಬಿದ್ದಿರುತ್ತದೆ. ವಾಪಸ್ ಹೋಗಿ ಎತ್ತಿಕೊಳ್ಳಬಹುದು. ಆದರೆ ಎತ್ತಿಕೊಳ್ಳುವ ಮೊದಲೇ ಇನ್ನೊಂದು ಸಲ ಸತ್ತರೆ ಅಷ್ಟೂ ಮಾಯ. ಅಣ್ಣ ಒಂದು ತಿಂಗಳಿನಿಂದ ಕೂಡಿಸಿದ್ದ ಕಿಡಿಯೆಲ್ಲ ಈಗ ದೊಡ್ಡಪ್ಪನ ಕಾಲ ಬುಡದಲ್ಲಿ ಬಿದ್ದಿತ್ತು.

ಉಳಿದಿರುವುದು ಒಂದೇ ಸಲ. ಅದೂ ಸಂಜೆಯ ರೈಲು ಬರುವುದರ ಒಳಗೆ.

“ಏಮೇ ಶಿರೀ! ರಾವೇ ಇಲ್ಲಿ!” ಹೊರಗಿನಿಂದ ಅವ್ವ ಕೂಗಿದಳು. ಅವ್ವ ಎಂದರೆ ಅಜ್ಜಿ ಆವಲಮ್ಮ. ಅವ್ವನ ಮಾತಿನಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಬೈಯುವಾಗ ಮಾತ್ರ ಎರಡೂ ಪೂರ್ತಿ ಬರುತ್ತವೆ.

“ಬಂದೆ ಅವ್ವಾ, ಒಂದ್ ನಿಮಿಷ!”

“ನಿನ್ ನಿಮಿಷ ನಂಗೊತ್ತು. ನಿಮ್ಮಮ್ಮ ತೋಟದಿಂದ ಸೊಪ್ಪು ಕಳಿಸವ್ಳೆ, ಒಣಗೋಗ್ತದೆ. ಬಾ ಬೇಗ!”

ಶಿರೀಷಾ ಗೊಣಗುತ್ತಲೇ ಎದ್ದಳು. ಮನೆಯ ಪಕ್ಕದಲ್ಲೇ ಹುಳುಮನೆ. ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆ. ಬಾಗಿಲಲ್ಲಿ ಕಾಲು ತೊಳೆದು ಒಳಗೆ ಹೋದಳು. ಇಬ್ಬರೂ ಸೇರಿ ಹಿಪ್ಪುನೇರಳೆ ಸೊಪ್ಪನ್ನು ಮೂಲೆಯಲ್ಲಿ ಹರಡಿ, ಮೇಲೆ ಒದ್ದೆ ಗೋಣಿಚೀಲ ಮುಚ್ಚಿದರು.

ತಟ್ಟೆಗಳಲ್ಲಿ ಹುಳುಗಳು ಸದ್ದಿಲ್ಲದೆ ಇದ್ದವು. ಹೆಚ್ಚಿನವು ತಲೆ ಮೇಲೆತ್ತಿ, ಕಡ್ಡಿಯ ಹಾಗೆ ಅಲುಗಾಡದೆ ಕೂತಿದ್ದವು. ಅವಕ್ಕೆ ಜ್ವರ. ಹುಳು ಹಳೆಯ ಚರ್ಮ ಕಳಚಿ ದೊಡ್ಡದಾಗುವ ಮೊದಲು ಹೀಗೆ ಏನೂ ತಿನ್ನದೆ ಕೂರುತ್ತದೆ. ಇದು ಕಾಯಿಲೆಯಲ್ಲ. ಆದರೂ ರೇಷ್ಮೆ ಬೆಳೆಯುವವರು ಇದಕ್ಕೆ ಜ್ವರ ಎಂದೇ ಅನ್ನುತ್ತಾರೆ, ತಟ್ಟೆ ಒಣಗಿರಲಿ ಎಂದು ಸುಣ್ಣದ ಪುಡಿ ಉದುರಿಸುತ್ತಾರೆ. ಚರ್ಮ ಕಳಚಿ ಮತ್ತೆ ಓಡಾಡಿದರೆ, ಜ್ವರ ಎದ್ದವು ಅನ್ನುತ್ತಾರೆ.

ಹೋದ ವರ್ಷ ಇದೇ ಮಾತಿನಿಂದ ಒಂದು ಫಜೀತಿಯಾಗಿತ್ತು. ಶಾಲೆಗೆ ಲೇಟಾಗಿ ಬಂದ ಶಿರೀಷಾಳನ್ನು, ಆಗಷ್ಟೇ ಬೇರೆ ಊರಿನಿಂದ ಬಂದಿದ್ದ ಉಮಾಶಂಕರ್ ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸಿದ್ದರು. “ಮನೇಲಿ ಜ್ವರ ಸಾರ್” ಅಂದಳು. “ಅಯ್ಯೋ ಪಾಪ, ಎಷ್ಟು ಜನಕ್ಕೆ?” “ಎಲ್ಲಾದಕ್ಕೂ ಸಾರ್.” “ಡಾಕ್ಟರ್ ಹತ್ರ ಹೋದ್ರಾ?” “ಇಲ್ಲ ಸಾರ್, ಸುಣ್ಣದ ಪುಡಿ ಹಾಕಿದ್ವಿ.” ಮೇಷ್ಟ್ರು ಗಾಬರಿಯಿಂದ ಹೆಡ್‌ಮಾಸ್ಟರ್ ಹತ್ತಿರ ಓಡಿದ್ದರು. ಇವತ್ತಿಗೂ ಕ್ಲಾಸಿನವರು ಅವಳನ್ನು ಕಂಡರೆ “ಸುಣ್ಣದ ಪುಡಿ” ಅನ್ನುತ್ತಾರೆ.

ಒಂದು ತಟ್ಟೆಯಲ್ಲಿ ಕೆಲವು ಹುಳುಗಳು ಆಗಲೇ ಎದ್ದು ಸೊಪ್ಪು ಹುಡುಕುತ್ತ ಹರಿದಾಡುತ್ತಿದ್ದವು.

“ಅವ್ವಾ, ಇವು ಎದ್ದಿವೆ ನೋಡು. ಈಗ್ಲೇ ಸೊಪ್ಪು ಹಾಕ್ಬಿಡ್ಲಾ?” ಹಾಕಿಬಿಟ್ಟರೆ ಕೆಲಸ ಮುಗಿಯಿತು, ಓಡಬಹುದು ಎಂಬ ಲೆಕ್ಕ ಅವಳದು. ಒಂದು ಹಿಡಿ ಸೊಪ್ಪು ಆಗಲೇ ಕೈಯಲ್ಲಿತ್ತು.

“ವದ್ದು, ವದ್ದು!” ಅವ್ವ ಕೈ ಹಿಡಿದಳು. “ಬೇಡ ಬಂಗಾರು. ಅರ್ಧ ಇನ್ನೂ ಜ್ವರದಾಗವೆ.”

“ಪಾಪ, ಇವಕ್ಕೆ ಹಸಿವಲ್ವಾ?”

“ಇರ್ಲಿ. ಇವಕ್ಕೆ ಮಾತ್ರ ಹಾಕಿದ್ರೆ ಇವು ಮುಂದಕ್ಕೋಗ್ತವೆ, ಅವು ಹಿಂದೆ ಉಳೀತವೆ. ಒಂದೊಂದು ಒಂದೊಂದ್ ದಿನ ಗೂಡು ಕಟ್ಟಿದ್ರೆ ನಾನೇನ್ ಮಾಡ್ಲಿ? ಎದ್ದಿರೋವು ಕಾಯ್ತವೆ ಬಿಡು. ಎಲ್ಲಾ ಏಳ್ಲಿ, ಒಟ್ಗೆ ಹಾಕಣ.”

“ಜ್ವರದಲ್ಲಿರೋವನ್ನ ಸ್ವಲ್ಪ ಅಲ್ಲಾಡ್ಸಿ ಎಬ್ಬಿಸಿದ್ರೆ?”

“ನಿನ್ನ ಅಲ್ಲಾಡಿಸ್ತೀನಿ ನೋಡು! ಜ್ವರಕ್ಕೆ ಕೂತಿರೋದನ್ನ ಮುಟ್ಬಾರ್ದು.”

ಶಿರೀಷಾ ಸೊಪ್ಪನ್ನು ಮತ್ತೆ ಚೀಲದಡಿ ಇಟ್ಟು ಮನೆಯೊಳಗೆ ಓಡಿದಳು.

ಅಂಜಿಯನ್ನು ಹತ್ತಿ, ಸೇತುವೆ ದಾಟಿ, ದಾರಿಯ ಭೂತಗಳಿಗೆ ಸಿಗದ ಹಾಗೆ ಸುತ್ತಿ ಬಳಸಿ ಕೋಟೆಯ ಬಾಗಿಲಿಗೆ ಬಂದಳು. ಒಳಗೆ ಕಾಲಿಟ್ಟಳು. ಅಗೋ, ದೂರದಲ್ಲಿ ಅಣ್ಣನ ಕಿಡಿಗಳು ಮಿನುಗುತ್ತಿವೆ. ಅದರ ಪಕ್ಕದಲ್ಲೇ ದೊಡ್ಡಪ್ಪ ಎದ್ದು ನಿಂತ.

ಅವನು ಕೈ ಬೀಸಿದಾಗ ಇವಳು ಉರುಳಿ ತಪ್ಪಿಸಿಕೊಂಡಳು. ಒಂದು ಏಟು ಕೊಟ್ಟಳು. ಮತ್ತೆ ಉರುಳಿದಳು, ಮತ್ತೆ ಕೊಟ್ಟಳು. ಮೂರನೇ ಏಟು ಬಿದ್ದ ಕೂಡಲೇ ದೊಡ್ಡಪ್ಪ ಮೊಣಕಾಲೂರಿ, ತಲೆ ಮೇಲೆತ್ತಿ, ಕಲ್ಲಿನ ಹಾಗೆ ಕೂತುಬಿಟ್ಟ. ಅಲುಗಾಡಲೇ ಇಲ್ಲ.

ಕಿಡಿಗಳು ಹತ್ತು ಹೆಜ್ಜೆಯ ಆಚೆಗಿದ್ದವು. ಸುಮ್ಮನೆ ಹೋಗಿ ಎತ್ತಿಕೊಳ್ಳಬಹುದಿತ್ತು. ಆದರೆ ದೊಡ್ಡಪ್ಪ ಕೈಗೆ ಸಿಕ್ಕಿದ್ದಾನಲ್ಲ! ಇನ್ನೊಂದು ಏಟು ಕೊಟ್ಟರೆ ಸತ್ತೇ ಹೋಗುತ್ತಾನೇನೋ! ಶಿರೀಷಾ ತಡೆಯಲಾರದೆ ಬಟನ್ ಒತ್ತಿದಳು.

ಕತ್ತಿ ತಗಲಿದ್ದೇ ತಡ, ದೊಡ್ಡಪ್ಪನ ಕಲ್ಲಿನ ಸಿಪ್ಪೆ ಸಿಡಿದು ನಾಲ್ಕೂ ಕಡೆ ಹಾರಿ ಸಿಪಾಯಿಗೆ ಬಡಿಯಿತು. ಪರದೆ ಕಪ್ಪಾಯಿತು. ಕೆಂಪು ಅಕ್ಷರ ಬಂತು.

ಮತ್ತೆ ಸಿಪಾಯಿ ಎದ್ದಾಗ ಅವನ ಹತ್ತಿರ ಒಂದೇ ಒಂದು ಕಿಡಿಯೂ ಇರಲಿಲ್ಲ.

ತಲೆ ಮೇಲೆತ್ತಿಕೊಂಡು, ಅಲುಗಾಡದೆ. ಆಮೇಲೆ ಸಿಪ್ಪೆ. ಶಿರೀಷಾ ಹಣೆ ಬಡಿದುಕೊಂಡಳು. “ಥೂ, ಅವನೂ ಜ್ವರಕ್ಕೆ ಕೂತಿದ್ನಲ್ಲೇ! ಅವ್ವ ಈಗಷ್ಟೇ ಹೇಳಿದ್ಳು!”

ಸ್ಟೇಷನ್ ಕಡೆಯಿಂದ ರೈಲಿನ ಹಾರ್ನ್ ಕೇಳಿಸಿತು. ಕಂಪ್ಯೂಟರ್ ಆಫ್ ಮಾಡಿ, ಏನೂ ಗೊತ್ತಿಲ್ಲದವಳ ಹಾಗೆ ಇದ್ದುಬಿಡಲೇ ಎಂದು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಜಗಲಿಗೆ ಬಂದು ಕಂಬ ಹಿಡಿದು ನಿಂತಳು.

ಅಣ್ಣ ಬ್ಯಾಗ್ ನೇತುಹಾಕಿಕೊಂಡು ನಗುತ್ತಾ ಬಂದ. ಅವನು ಚಪ್ಪಲಿ ಬಿಡುವ ಮೊದಲೇ ಶಿರೀಷಾ ಹೇಳಿಬಿಟ್ಟಳು.

“ಅಣ್ಣಾ, ನಿನ್ ಕಿಡಿಯೆಲ್ಲ ಹೋಯ್ತು.”

“ಹೋಯ್ತಾ? ಎಲ್ಲಿ?”

“ದೊಡ್ಡಪ್ಪನ ಹತ್ರ.”

“ವಾಪಸ್ ಎತ್ಕೊಳ್ಳೋಕೆ ಹೋಗ್ಲಿಲ್ವಾ?”

“ಹೋಗಿದ್ದೆ. ಮತ್ತೆ ಸತ್ತೆ.”

ಅಣ್ಣನ ನಗು ನಿಂತಿತು. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತೊಟ್ಟಿಯ ಹತ್ತಿರ ಹೋಗಿ ಕಾಲಿಗೆ ನೀರು ಹಾಕಿಕೊಂಡ. ಹಾಕಿಕೊಳ್ಳುತ್ತಲೇ ಇದ್ದ. ಅಷ್ಟು ಹೊತ್ತು ತೊಳೆಯುವಂಥ ಕೊಳೆ ಅವನ ಕಾಲಲ್ಲಿ ಇರಲಿಲ್ಲ.

ಆಮೇಲೆ ಜಗಲಿಯ ಮೇಲೆ ಬಂದು ಕೂತು, ಬ್ಯಾಗಿನೊಳಗೆ ಕೈ ಹಾಕಿ ಒಂದು ವಸ್ತು ತೆಗೆದು ಅವಳ ಮುಂದಿಟ್ಟ. ಕಂಟ್ರೋಲರ್. ಇನ್ನೊಂದು, ನೀಲಿ ಬಣ್ಣದ್ದು.

“ಯಾರ್ದಿದು?”

“ನನ್ ಫ್ರೆಂಡ್‌ದು. ನಿಂಗೆ ಅಂತ ಕೇಳಿ ತಂದೆ. ಎರಡು ಹಾಕಿದ್ರೆ ಇಬ್ರೂ ಒಟ್ಟಿಗೆ ಆಡಬೋದು ಕಣೇ. ನಿಂಗೇ ಬೇರೆ ಸಿಪಾಯಿ ಬರ್ತಾನೆ.” ಅಣ್ಣ ನಿಟ್ಟುಸಿರು ಬಿಟ್ಟ. “ಆ ಕಿಡಿ ಕೊಟ್ಟು ಅವನಿಗೆ ಕತ್ತಿ, ಗುರಾಣಿ ಎಲ್ಲಾ ತಗೊಳ್ಳೋಣ ಅಂತಿದ್ದೆ. ಇನ್ನೇನ್ ಮಾಡೋದು, ಕೋಲೇ ಗತಿ.”

ಶಿರೀಷಾ ನೀಲಿ ಕಂಟ್ರೋಲರನ್ನೇ ನೋಡುತ್ತಾ ನಿಂತಳು. “ಹಂಗಾದ್ರೆ ಇಷ್ಟು ದಿನ ನೀನು ಬಾಗಿಲ ತನಕ ಹೋಗಿ ವಾಪಸ್ ಬರ್ತಿದ್ದಿದ್ದು?”

“ನಿನ್ ಎಕ್ಸಾಮ್ ಮುಗೀಲಿ ಅಂತ. ಒಬ್ನೇ ಹೊಡ್ದು ಏನ್ ಮಜಾ?”

ಅವಳಿಗೆ ತಾನು ಚಪ್ಪಾಳೆ ತಟ್ಟಿ ‘ಹೆದ್ರುಪುಕ್ಲ’ ಅಂದದ್ದೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ನಾಚಿಕೆಯಾಯಿತು. ಅದರ ಜೊತೆಗೇ, ಯಾಕೋ, ತುಂಬಾ ಖುಷಿಯೂ ಆಯಿತು.

“ಸಾರಿ ಅಣ್ಣಾ.”

“ಸರಿ ಬಿಡು, ಬಾ. ಕೋಲಲ್ಲಿ ಹೆಂಗ್ ಹೊಡೀತೀಯ ನೋಡೋಣ.”

ಇಬ್ಬರೂ ಚಾಪೆಯ ಮೇಲೆ ಕೂತರು. ಶಿರೀಷಾಳ ಸಿಪಾಯಿ ಹರಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ನಿಂತಿದ್ದ. ದನ ಮೇಯಿಸಲು ಹೊರಟವನ ಹಾಗಿದ್ದ. ಅಣ್ಣ ಬಿದ್ದು ಬಿದ್ದು ನಕ್ಕ. ಅವಳೂ ನಕ್ಕಳು.

“ಅಣ್ಣಾ, ದೊಡ್ಡಪ್ಪನ ಗುಟ್ಟು ಗೊತ್ತಾ? ಮೂರು ಏಟು ಬಿದ್ಮೇಲೆ ಜ್ವರಕ್ಕೆ ಕೂತ್ಕೋತಾನೆ. ಆಗ ಮುಟ್ಲೇಬಾರ್ದು. ಎದ್ಮೇಲೆ ಹೊಡೀಬೇಕು.”

“ಜ್ವರಾನಾ?” ಅಣ್ಣ ಕಣ್ಣರಳಿಸಿದ. “ಲೇ, ಇದನ್ನ ಯಾರ್ ಹೇಳ್ಕೊಟ್ರೇ ನಿಂಗೆ?”

“ಎರಡು ಸಲ ಸತ್ತಿದೀನಲ್ಲ!”

ಅಣ್ಣನ ಕುದುರೆ ಮುಂದೆ ಓಡಿತು. ಶಿರೀಷಾಳ ಸಿಪಾಯಿಗೆ ಕುದುರೆ ಇಲ್ಲ. ಅವನು ಸೇತುವೆಯಿಂದ ಜಾರಿ ನೀರಿಗೆ ಬಿದ್ದ. ಮತ್ತೆ ಮೊದಲಿನಿಂದ ಹೊರಟ. ಆವನಿಯ ಹತ್ತಿರ ಒಂದು ನಾಯಿ ಭೂತ ಅಟ್ಟಿಸಿಕೊಂಡು ಬಂತು. ಕೋಲು ಬೀಸಿ, ಬಿದ್ದು, ಎದ್ದು, ಕೊನೆಗೂ ಏದುಸಿರು ಬಿಡುತ್ತಾ ಗುಡ್ಡ ಹತ್ತಿದ.

ಮೇಲೆ ಕೋಟೆಯ ಬಾಗಿಲ ಮುಂದೆ ಅಣ್ಣನ ಸಿಪಾಯಿ ನಿಂತಿದ್ದ. ಅವನು ಬಂದು ಎಷ್ಟೋ ಹೊತ್ತಾಗಿತ್ತು. ಒಳಗೆ ಹೋಗಿರಲಿಲ್ಲ. ಅಂಜಿ ಬಾಲ ಬೀಸುತ್ತಿತ್ತು. ಸಿಪಾಯಿ ದಾರಿಯ ಕಡೆಗೇ ಮುಖ ಮಾಡಿಕೊಂಡಿದ್ದ.

ಶಿರೀಷಾ ಅವನನ್ನು ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತಿದ್ದ ಅಣ್ಣನನ್ನು ನೋಡಿದಳು. ಒಂದು ತಿಂಗಳೂ ಹೀಗೇ ನಿಂತಿದ್ದನಲ್ಲ ಅನ್ನಿಸಿತು.

“ರೆಡೀನಾ?” ಅಂದ ಅಣ್ಣ.

ಅಷ್ಟರಲ್ಲಿ ಹುಳುಮನೆಯಿಂದ ಅವ್ವನ ಕೂಗು ಬಂತು. “ಎಲ್ಲಾ ಎದ್ವು! ಸೊಪ್ಪು ಹಾಕಕ್ ಬನ್ರೋ ಇಬ್ರೂ!”

“ಅಯ್ಯೋ, ಈಗ್ಲೇನಾ?” ಅಣ್ಣ ಮುಖ ಸಿಂಡರಿಸಿದ. “ಒಂದೇ ಒಂದ್ ಸಲ ಹೊಡ್ದು ಹೋಗೋಣ ಕಣೇ.”

ನೀಲಿ ಕಂಟ್ರೋಲರ್ ಆಗಲೇ ಚಾಪೆಯ ಮೇಲಿತ್ತು. ಶಿರೀಷಾ ಎದ್ದು ಲಂಗ ಕೊಡವಿಕೊಂಡಳು.

“ಬಾ ಅಣ್ಣಾ. ದೊಡ್ಡಪ್ಪ ಎಲ್ಲಿಗ್ ಹೋಗ್ತಾನೆ? ಕಾಯ್ತಾನೆ.”

ಬಾಗಿಲ ಮುಂದೆ ಇಬ್ಬರು ಸಿಪಾಯಿಗಳನ್ನೂ ಹಾಗೇ ಬಿಟ್ಟು ಅವರು ಹುಳುಮನೆಗೆ ನಡೆದರು. ಕಾಲು ತೊಳೆದು, ಒದ್ದೆ ಚೀಲ ಸರಿಸಿ, ಒಂದೊಂದೇ ತಟ್ಟೆಗೆ ಸೊಪ್ಪು ಹರಡಿದರು. ಹುಳುಗಳು ಮುಗಿಬಿದ್ದು ಚರಚರ ಎಂದು ತಿನ್ನತೊಡಗಿದವು.

ಕೊನೆಯ ತಟ್ಟೆಯ ಅಂಚಿನಲ್ಲಿ ಒಂದು ಹುಳು ಆಗಷ್ಟೇ ಚರ್ಮ ಕಳಚಿ ಮೆಲ್ಲಗೆ ತಲೆ ಆಡಿಸುತ್ತಿತ್ತು. ಶಿರೀಷಾ ಎಳೆಯ ಎಲೆಯೊಂದನ್ನು ಆರಿಸಿ ಅದರ ಬಾಯಿಯ ಹತ್ತಿರ ಇಟ್ಟಳು. ಅದು ತಿನ್ನಲು ಶುರುಮಾಡುವವರೆಗೂ ಅಲ್ಲೇ ನಿಂತಿದ್ದಳು.