ಕೆಂಪಿನ ಮೇಲೆ ಹಳದಿ

ಮೂರು ವಾರ ಕೂತು ಮಾಡಿದ ವೆಬ್‌ಸೈಟಿನ ವಿನ್ಯಾಸವನ್ನು ಬಟ್ಟೆ ಅಂಗಡಿಯ ಅಕ್ಕ ಒಂದೂವರೆ ನಿಮಿಷದಲ್ಲಿ ತಳ್ಳಿಹಾಕಿದ್ದರು.

“ಚೆನ್ನಾಗೇನೋ ಇದೆ ಕಣಪ್ಪಾ,” ಎಂದರು, ಕೊರಳಿನ ಅಳತೆಪಟ್ಟಿ ತೆಗೆಯದೆ. “ಯಾವುದಾದ್ರೂ ಬ್ಯಾಂಕಿಗೆ ಕೊಡು, ತಗೋತಾರೆ. ಮಾರ್ಕೆಟ್ಟು ಒಡೀತಾರೆ ಅನ್ನೋ ಹೊತ್ತಲ್ಲಿ ನೋಡಿದ ಕೂಡ್ಲೇ ಜನಕ್ಕೆ ರೋಷ ಉಕ್ಕಬೇಕು. ಇದನ್ನ ನೋಡಿದ್ರೆ ನಿದ್ದೆ ಬರುತ್ತೆ.”

ಸುತ್ತ ಕೂತಿದ್ದ ಅಂಗಡಿಯವರೆಲ್ಲ ನಕ್ಕರು. ವಿನ್ಯಾಸಗಾರನೂ ನಕ್ಕ. ನಗುತ್ತಲೇ ಲ್ಯಾಪ್‌ಟಾಪು ಮುಚ್ಚಿ ಚೀಲಕ್ಕೆ ಹಾಕಿಕೊಂಡ.

ಅರವತ್ತೆರಡು ಅಂಗಡಿಗಳನ್ನು ಕೆಡವಲು ನಗರಸಭೆ ನೋಟಿಸು ಕೊಟ್ಟಿತ್ತು. ಅದರ ವಿರುದ್ಧದ ಚಳವಳಿಗೆ ಅಕ್ಕನೇ ಅಧ್ಯಕ್ಷೆ. ವೆಬ್‌ಸೈಟು ಕೊನೆಗೆ ಅಕ್ಕನ ತಮ್ಮನ ಪಾಲಾಯಿತು. ಅವನು ಎಲೆಕ್ಟ್ರಿಷಿಯನ್. ಕೆಂಪು ನೆಲದ ಮೇಲೆ ಹಳದಿ ಅಕ್ಷರ, ಮಿಣಮಿಣ ಮಿನುಗುವ ಬಾಣ, ಮೇಲೊಂದು ಎತ್ತಿದ ಮುಷ್ಟಿ. ಎಣಿಸಿದರೆ ಮುಷ್ಟಿಗೆ ಆರು ಬೆರಳು. ವಿನ್ಯಾಸಗಾರನಿಗೆ ಮೊದಲು ನಗು ಬಂತು. ಹೊಟ್ಟೆ ಉರಿದದ್ದು ಹದಿನೈದು ದಿನದ ಮೇಲೆ, ಆ ಆರು ಬೆರಳು ಊರಿನ ಗೋಡೆ, ಬಾವುಟ, ಅಂಗಿಗಳ ಮೇಲೆಲ್ಲ ಏರಿದಾಗ.

ಅವನು ದಡ್ಡನಲ್ಲ. ಅಂದಗೇಡಿತನವೇ ಆ ಸೈಟಿನ ಬಲ ಎಂದು ಅವನಿಗೆ ಬೇಗ ಹೊಳೆಯಿತು. ನುಣುಪಾದ ಪುಟವನ್ನು ಕಂಡರೆ ಜನ ಹಿಂದೆ ಯಾರಿದ್ದಾರೆ ಎಂದು ಕೇಳುತ್ತಾರೆ. ಆರು ಬೆರಳಿನ ಮುಷ್ಟಿಯನ್ನು ಕಂಡವರು, ಪಾಪ, ನಮ್ಮವರೇ ಯಾರೋ ಕೈಯಾರೆ ಮಾಡಿದ್ದಾರೆ ಎನ್ನುತ್ತಾರೆ. ನಂಬಿಕೆ ಅಷ್ಟು ಸುಲಭವಾಗಿ ಸಿಗುವುದಾದರೆ ಅದನ್ನು ಕದಿಯುವುದೂ ಸುಲಭ.

ಯೋಜನೆ ಸರಳವಾಗಿತ್ತು. ಹೆಸರಿನಲ್ಲಿ ಒಂದು ಚುಕ್ಕೆಯಷ್ಟೇ ವ್ಯತ್ಯಾಸವಿರುವ ಇನ್ನೊಂದು ಸೈಟು. ಅದರಲ್ಲಿ ಅಕ್ಕನ ಹೆಸರಿನ ಪ್ರಕಟಣೆ: ‘ನಗರಸಭೆಯೊಂದಿಗೆ ಮಾತುಕತೆ ಮುಗಿದಿದೆ, ಶುಕ್ರವಾರದ ಧರಣಿ ಇಲ್ಲ.’ ಧರಣಿ ನೆಲಕಚ್ಚುತ್ತದೆ. ಆಗ ಅವನು ಎದ್ದು ನಿಂತು, ಇಂಥ ಒರಟು ಸೈಟನ್ನು ಯಾರು ಬೇಕಾದರೂ ನಕಲು ಮಾಡಬಹುದು, ನನ್ನದಾಗಿದ್ದರೆ ಆಗುತ್ತಿರಲಿಲ್ಲ ಎನ್ನುತ್ತಾನೆ. ಅಕ್ಕ ಅವನ ಸ್ಟುಡಿಯೊಗೆ ತಾವೇ ನಡೆದು ಬರುತ್ತಾರೆ. ಸಿಕ್ಕಿಬಿದ್ದರೆ ಮಾತ್ರ ಕತೆ ಮುಗಿಯಿತು. ಅವನು ಬರೆಯುವ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ಆ ಮಾರುಕಟ್ಟೆಯವೇ.

ಆದ್ದರಿಂದ ಎಚ್ಚರ ವಹಿಸಿದ. ಸೈಟಿನ ಹೆಸರನ್ನು ಪಕ್ಕದೂರಿನ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಕೊಂಡ. ಮಾರುಕಟ್ಟೆಯ ಅಂಗಡಿಯವರಿಗೆ ಆ ಸೈಟಿನ ಕೊಂಡಿ ಕಳಿಸಲು ಯಾರದೋ ಹೆಸರಿನ ಸಿಮ್ ಬಳಸಿದ, ಕೆಲಸ ಮುಗಿದ ಮೇಲೆ ಕತ್ತರಿಯಿಂದ ನಾಲ್ಕು ತುಂಡು ಮಾಡಿದ. ಕಷ್ಟವಾದದ್ದು ತನ್ನ ಕೈಯನ್ನೇ ತಡೆಯುವುದು. ಸಾಲು ಸೊಟ್ಟಗಿದ್ದರೆ ಬೆರಳು ತಾನಾಗಿ ನೇರ ಮಾಡಲು ಹೋಗುತ್ತಿತ್ತು. ಒಂದು ಅಕ್ಷರವನ್ನೂ ಮುಟ್ಟಬಾರದೆಂದು ಅಸಲಿ ಪುಟವನ್ನು ಬೇರುಸಮೇತ ಎತ್ತಿ ತಂದು, ಪ್ರಕಟಣೆಯೊಂದನ್ನೇ ಬದಲಾಯಿಸಿದ. ಸ್ಟುಡಿಯೊದಲ್ಲಿ ಅದನ್ನು ಮತ್ತೆ ಮತ್ತೆ ತೆರೆದು ಅಸಲಿಯ ಪಕ್ಕ ಇಟ್ಟು ನೋಡಿದ. ಕೊನೆಗೆ ಯಾವುದು ಯಾವುದೆಂದು ಅವನಿಗೇ ತಿಳಿಯದಾದಾಗ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಶುಕ್ರವಾರ ನಗರಸಭೆಯ ಗೇಟಿನೆದುರು ಇನ್ನೂರು ಕುರ್ಚಿಗಳಿದ್ದವು. ಬಂದವರು ಒಂಬತ್ತು ಮಂದಿ. ಅವರಲ್ಲಿ ಅವನೂ ಒಬ್ಬ.

ಸಂಜೆ ಬಟ್ಟೆ ಅಂಗಡಿಯಲ್ಲಿ ಸಭೆ ಸೇರಿತು. ಅವನು ಲ್ಯಾಪ್‌ಟಾಪಿನೊಂದಿಗೆ ಬಂದು, ಮುಖದಲ್ಲಿ ಹದವಾದ ನೋವು ಹೊತ್ತು, ಕಲಿತ ಮಾತನ್ನೆಲ್ಲ ಆಡಿ ಮುಗಿಸಿದ.

“ನಿನ್ನ ಮಾತು ಸರಿ ಕಣಪ್ಪಾ,” ಎಂದರು ಅಕ್ಕ. “ಆವತ್ತು ನಾನೇ ದುಡುಕಿದೆ. ನಿನ್ನ ಡಿಸೈನೇ ಹಾಕೋಣ.”

ಅವನ ಎದೆ ಹಗುರಾಯಿತು. “ಹಳೇದನ್ನ ಇವತ್ತೇ ತೆಗೆದುಬಿಡೋಣ ಅಕ್ಕಾ.”

“ಸ್ವಲ್ಪ ತಡಿ ಅಣ್ಣ,” ಎಂದ ಮೂಲೆಯಲ್ಲಿದ್ದ ಎಲೆಕ್ಟ್ರಿಷಿಯನ್, ಫೋನಿನಿಂದ ತಲೆಯೆತ್ತದೆ. “ಶುಕ್ರವಾರಕ್ಕೊಂದ್ಸಲ ನಾನು ಲೆಕ್ಕ ನೋಡೋದು. ಈ ವಾರ ಏನೋ ತಮಾಷೆ ಬಂದಿದೆ.”

ತನ್ನ ಸೈಟನ್ನು ಎಷ್ಟು ಜನ ನೋಡುತ್ತಾರೆಂದು ತಿಳಿಯುವ ಆಸೆಯಿಂದ ಎಲೆಕ್ಟ್ರಿಷಿಯನ್ ಪುಟದ ಅಡಿಯಲ್ಲಿ, ಕಣ್ಣಿಗೆ ಕಾಣದಂತೆ, ಎಣಿಕೆಯ ಎರಡು ಸಾಲು ಸೇರಿಸಿದ್ದ. ಪುಟವನ್ನು ಯಾರು ಎಲ್ಲಿ ತೆರೆದರೂ ಆ ಸಾಲುಗಳು ಅಲ್ಲಿನ ವಿಳಾಸವನ್ನು, ಕಂಪ್ಯೂಟರಿನೊಳಗೇ ಇಟ್ಟ ಪುಟವಾದರೆ ಆ ಕಂಪ್ಯೂಟರು ಮತ್ತು ಫೋಲ್ಡರಿನ ಹೆಸರನ್ನು, ಅವನ ಪಟ್ಟಿಗೆ ಕಳಿಸುತ್ತಿದ್ದವು. ಬೇರುಸಮೇತ ಎತ್ತಿಕೊಂಡು ಹೋದ ಪುಟದಲ್ಲಿಯೂ ಅವು ಪ್ರಾಮಾಣಿಕವಾಗಿ ಅದೇ ಕೆಲಸ ಮಾಡಿದ್ದವು. ಅಕ್ಕ ಕನ್ನಡಕ ಏರಿಸಿ ಫೋನು ತೆಗೆದುಕೊಂಡರು. ಧರಣಿಗೆ ಆರು ದಿನ ಮೊದಲಿನಿಂದ ನಲವತ್ತಮೂರು ಬಾರಿ ಒಂದೇ ಕಂಪ್ಯೂಟರು, ಅದರ ಹೆಸರಿನ ಜಾಗದಲ್ಲಿ ವಿನ್ಯಾಸಗಾರನ ಸ್ಟುಡಿಯೊದ ಹೆಸರು. ಮುಂದೆ ಆ ಪುಟವನ್ನಿಟ್ಟಿದ್ದ ಫೋಲ್ಡರಿನ ಹೆಸರಿತ್ತು. ಅಕ್ಕ ಅದನ್ನು ಎಲ್ಲರಿಗೂ ಕೇಳುವಂತೆ, ನಿಧಾನವಾಗಿ ಓದಿದರು: “ಅಕ್ಕನಿಗೆ ಪಾಠ.”